ಅಜ್ಜನ ಪೆನ್ಸಿಲು, ಮೊಮ್ಮಗಳ ಆಕ್ಟೇವ್

ಸಂಗೀತ ಕಲಿತವರಿಗೆ ‘ಆಕ್ಟೇವ್’ ಎಂದರೆ ಕೆಳಗಿನ ಷಡ್ಜದಿಂದ ಮೇಲಿನ ಷಡ್ಜದವರೆಗಿನ ಒಂದು ಸ್ಥಾಯಿ. ಎಂಜಿನಿಯರಿಂಗ್ ಓದುವವರಿಗೆ ಅದೇ ಹೆಸರಿನ ಇನ್ನೊಂದು ಗೆಳೆಯನಿದ್ದಾನೆ. ಅದು ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಒಂದು ತಂತ್ರಾಂಶ. ಇದಕ್ಕೂ ಸಂಗೀತಕ್ಕೂ ಏನೇನೂ ಸಂಬಂಧವಿಲ್ಲ. ಈ ಹೆಸರು ಒಬ್ಬ ಮೇಷ್ಟರದು.

ಅಮೆರಿಕದಲ್ಲಿ ಆಕ್ಟೇವ್ ಲೆವೆನ್‌ಸ್ಪೀಲ್ ಎಂಬ ಪ್ರಾಧ್ಯಾಪಕರಿದ್ದರು. ಕೆಮಿಕಲ್ ಎಂಜಿನಿಯರಿಂಗ್ ಅವರ ವಿಷಯ. ಅವರು ಬರೆದ ಪಠ್ಯಪುಸ್ತಕವನ್ನು ನಮ್ಮ ದೇಶದ ಕಾಲೇಜುಗಳಲ್ಲೂ ಓದಿದವರಿದ್ದಾರೆ. ದೊಡ್ಡ ಲೆಕ್ಕವನ್ನು ಹಳೆಯ ಲಕೋಟೆಯ ಬೆನ್ನ ಮೇಲೆ ನಾಲ್ಕು ಸಾಲಿನಲ್ಲಿ ಅಂದಾಜು ಮಾಡಿ ತೋರಿಸುವುದರಲ್ಲಿ ಅವರು ಹೆಸರುವಾಸಿ. ನಮ್ಮ ಅಜ್ಜಂದಿರು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಲೆಕ್ಕ ಹಾಕುತ್ತಿದ್ದರಲ್ಲ, ಹಾಗೆ. ಅವರ ಶಿಷ್ಯ ಜಾನ್ ಈಟನ್ ಎಂಬುವರು ಮುಂದೆ ಈ ತಂತ್ರಾಂಶ ಬರೆದಾಗ, ಕಠಿಣ ಲೆಕ್ಕವನ್ನೂ ಅಷ್ಟೇ ಸಲೀಸಾಗಿ ಮಾಡುವಂತಾಗಲಿ ಎಂದು ಗುರುವಿನ ಹೆಸರನ್ನೇ ಇಟ್ಟರು.

ಅದು ಹುಟ್ಟಿದ ಕಾರಣವೂ ಶಾಲೆಯ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುವಂಥದ್ದೇ. 1988ರ ಸುಮಾರಿಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ರಾಲಿಂಗ್ಸ್ ಮತ್ತು ಟೆಕ್ಸಸ್ ವಿಶ್ವವಿದ್ಯಾಲಯದ ಜಾನ್ ಎಕರ್ಟ್ ಕೆಮಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಒಂದು ಪುಸ್ತಕ ಬರೆಯುತ್ತಿದ್ದರು. ಪುಸ್ತಕದ ಲೆಕ್ಕಗಳನ್ನು ಕಂಪ್ಯೂಟರಿನಲ್ಲೇ ಬಿಡಿಸಬೇಕು. ಆಗ ಎಲ್ಲರೂ ಬಳಸುತ್ತಿದ್ದ ಭಾಷೆ ಫೋರ್ಟ್ರಾನ್. ವಿದ್ಯಾರ್ಥಿಗಳು ಅದರಲ್ಲಿ ಬರೆದ ಪ್ರೋಗ್ರಾಂ ನಡುವೆಯೇ ಕುಸಿದು ಬೀಳುತ್ತಿತ್ತು. ಯಾಕೆ ಬಿತ್ತು ಎಂದು ಹುಡುಕುವುದರಲ್ಲೇ ಸಮಯವೆಲ್ಲ ಮುಗಿದು, ಕಲಿಯಬೇಕಾದ ಪಾಠ ಹಿಂದೆ ಉಳಿಯುತ್ತಿತ್ತು. ಅಡುಗೆ ಕಲಿಯಲು ಬಂದವನು ದಿನವಿಡೀ ಒಲೆ ಊದುತ್ತಾ ಕೂತ ಹಾಗೆ. ಇದಕ್ಕೆ ಪರಿಹಾರವಾಗಿ ಈಟನ್ 1992ರಲ್ಲಿ ಪೂರ್ಣಾವಧಿ ಕೆಲಸಕ್ಕೆ ಕೂತರು. 1993ರ ಜನವರಿ 4ರಂದು ಆಕ್ಟೇವ್‌ನ ಮೊದಲ ಪ್ರಾಯೋಗಿಕ ರೂಪ ಹೊರಬಂತು. 1994ರ ಫೆಬ್ರುವರಿಯಲ್ಲಿ ಮೊದಲ ಪೂರ್ಣ ಆವೃತ್ತಿ ಬಂತು.

ಅದಕ್ಕೂ ಮೊದಲೇ ಇನ್ನೊಬ್ಬ ಮೇಷ್ಟರು ಇಂಥದೇ ಕೆಲಸ ಮಾಡಿದ್ದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ ಗಣಿತ ಹೇಳುತ್ತಿದ್ದ ಕ್ಲೀವ್ ಮೋಲರ್, ತಮ್ಮ ವಿದ್ಯಾರ್ಥಿಗಳು ಫೋರ್ಟ್ರಾನ್ ಬರೆಯದೆಯೇ ದೊಡ್ಡ ಲೆಕ್ಕಗಳನ್ನು ಮಾಡಲಿ ಎಂದು 1970ರ ದಶಕದ ಕೊನೆಯಲ್ಲಿ ‘ಮ್ಯಾಟ್‌ಲ್ಯಾಬ್’ ಬರೆದರು. ಮ್ಯಾಟ್ರಿಕ್ಸ್ ಲ್ಯಾಬೊರೇಟರಿ ಎಂಬುದರ ಚುಟುಕು ರೂಪ ಅದು. 1984ರಲ್ಲಿ ಅದನ್ನು ಮಾರುವ ಕಂಪನಿಯೂ ಹುಟ್ಟಿತು. ಇಂದು ಜಗತ್ತಿನ ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಮ್ಯಾಟ್‌ಲ್ಯಾಬ್ ಬಹಳ ದೊಡ್ಡ ಹೆಸರು. ಅದಕ್ಕೆ ಹಣ ಕೊಡಬೇಕು. ಆಕ್ಟೇವ್‌ಗೆ ಕೊಡಬೇಕಿಲ್ಲ. ಆಕ್ಟೇವ್‌ನಲ್ಲಿ ಬರೆಯುವ ಭಾಷೆ ಬಹುಪಾಲು ಮ್ಯಾಟ್‌ಲ್ಯಾಬಿನದೇ ಆದ್ದರಿಂದ ಇಲ್ಲಿ ಕಲಿತದ್ದು ಅಲ್ಲಿಗೂ ಆಗುತ್ತದೆ. ಮನೆಯ ಹಳೆಯ ಕಂಪ್ಯೂಟರಿನಲ್ಲೂ ಹಾಕಿಕೊಳ್ಳಬಹುದು. ಸಣ್ಣ ಊರಿನ ಮಗುವಿಗೂ ದೊಡ್ಡ ಕಾಲೇಜಿನ ವಿದ್ಯಾರ್ಥಿಗೂ ಒಂದೇ ಸಲಕರಣೆ ಸಿಗುವುದು ಕಡಿಮೆ ಮಾತಲ್ಲ ಎಂದೇ ನನಗೆ ಅನ್ನಿಸುತ್ತದೆ.

1970ರ ದಶಕದಲ್ಲಿ ಎಂಜಿನಿಯರಿಂಗ್ ಓದಿದ ತಾತ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಪಂಚ್ ಕಾರ್ಡಿನ ಬಗ್ಗೆ ಕೇಳಿ ನೋಡಿ. ಪ್ರೋಗ್ರಾಮಿನ ಒಂದೊಂದು ಸಾಲಿಗೂ ಒಂದೊಂದು ರಟ್ಟಿನ ಚೀಟಿ, ಅದರಲ್ಲಿ ತೂತುಗಳು. ಕಟ್ಟನ್ನು ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಕೊಟ್ಟು ಬಂದರೆ ಉತ್ತರಕ್ಕೆ ಕಾಯಬೇಕು. ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲು ತಪ್ಪಿನ ಪಟ್ಟಿ ಕೈಗೆ ಬರುತ್ತಿತ್ತು. ಆಕ್ಟೇವ್‌ನಲ್ಲಿ ಹಾಗಲ್ಲ. ನೀವು ಒಂದು ಸಾಲು ಬರೆಯುತ್ತೀರಿ, ಅದು ಕೂಡಲೇ ಮಾತಾಡುತ್ತದೆ. 2 + 3 ಎಂದು ಬರೆದು ಎಂಟರ್ ಒತ್ತಿದರೆ 5 ಎನ್ನುತ್ತದೆ. ಕಲಿಕೆ ಶುರುವಾಗುವುದು ಅಲ್ಲಿಂದಲೇ.

ಒಂದು ಮಾತು. ಆಕ್ಟೇವ್‌ಗೆ ಕೊಡುವ ಆಜ್ಞೆಗಳನ್ನೂ ಹೆಸರುಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಓದುವ ಅನುಕೂಲಕ್ಕೆ ಇಲ್ಲಿ ಅವನ್ನು ಕನ್ನಡದಲ್ಲಿ ಕೊಟ್ಟಿದ್ದೇನೆ.

ಅಜ್ಜಿಯ ಹಾಲಿನ ಲೆಕ್ಕದಿಂದ ಶುರು ಮಾಡೋಣ. ಅದು ಕ್ಯಾಲೆಂಡರಿನ ಚೌಕಗಳಲ್ಲಿ ಇರುತ್ತದೆ: ಒಂದು ಲೀಟರು, ಒಂದು, ಒಂದೂವರೆ, ಒಂದು, ಒಂದು ದಿನ ಹಾಲೇ ಬಂದಿಲ್ಲ, ಮರುದಿನ ನೆಂಟರು ಬಂದದ್ದಕ್ಕೆ ಎರಡು, ಮತ್ತೆ ಒಂದು. ಇದನ್ನು ಆಕ್ಟೇವ್‌ಗೆ ಹೀಗೆ ಹೇಳುತ್ತೇವೆ:

ಹಾಲು = [1 1 1.5 1 0 2 1]

ಇಡೀ ವಾರ ಒಂದೇ ಹೆಸರಿನಡಿ ಬಂದು ಕೂತಿತು. ಈಗ ‘ಸಮ್(ಹಾಲು)’ ಎಂದರೆ ಮೊತ್ತ 7.5 ಬರುತ್ತದೆ. ಲೀಟರಿಗೆ 50 ರೂಪಾಯಿಯಾದರೆ ‘ಸಮ್(ಹಾಲು) * 50’ ಎಂದು ಬರೆದರೆ 375. ಇದನ್ನು ಕ್ಯಾಲ್ಕುಲೇಟರೂ ಮಾಡುತ್ತದೆ, ಅದರಲ್ಲೇನು ಎನ್ನುತ್ತೀರಾ? ‘ಹಾಲು == 0’ ಎಂದು ಕೇಳಿ. 0 0 0 0 1 0 0 ಎಂಬ ಉತ್ತರ ಬರುತ್ತದೆ. ಏಳು ದಿನಗಳನ್ನೂ ಒಟ್ಟಿಗೆ ನೋಡಿ, ಎಲ್ಲಿ ಹೌದೋ ಅಲ್ಲಿ 1, ಎಲ್ಲಿ ಅಲ್ಲವೋ ಅಲ್ಲಿ 0 ಇಟ್ಟಿದೆ. ಐದನೆಯ ದಿನ ಹಾಲು ಬಂದಿಲ್ಲ ಎಂದು ಸಾಕ್ಷಿ ಹೇಳಿತು. ಏಳು ದಿನದ ಬದಲು ಏಳು ಸಾವಿರ ದಿನದ ಪಟ್ಟಿ ಇದ್ದರೂ ಕೇಳುವ ಪ್ರಶ್ನೆ ಅಷ್ಟೇ ಚಿಕ್ಕದು.

ಹಾಲಿನ ದರ ವಾರದ ನಡುವೆ ಏರಿದರೆ? ಮೊದಲ ನಾಲ್ಕು ದಿನ 50, ಆಮೇಲೆ 52. ದರಕ್ಕೂ ಒಂದು ಸಾಲು ಬರೆಯೋಣ:

ದರ = [50 50 50 50 52 52 52]

‘ಹಾಲು * ದರ’ ಎಂದರೆ ಸಾಕಲ್ಲವೇ? ಎಂಟರ್ ಒತ್ತಿದರೆ ಆಕ್ಟೇವ್ ಒಪ್ಪುವುದಿಲ್ಲ, ತಪ್ಪು ಎನ್ನುತ್ತದೆ. ಸಾಲನ್ನು ಸಾಲಿನಿಂದ ಗುಣಿಸುವುದು ಎಂದರೆ ಗಣಿತದಲ್ಲಿ ಬೇರೆಯೇ ಒಂದು ವಿಧಿ ಇದೆ. ಅಣ್ಣ-ಅಕ್ಕಂದಿರು ಮ್ಯಾಟ್ರಿಕ್ಸ್ ಗುಣಾಕಾರ ಎಂದು ಕಲಿಯುವುದು ಅದನ್ನೇ. ನಮಗೆ ಬೇಕಾದದ್ದು ಒಂದನೆಯ ದಿನಕ್ಕೆ ಒಂದನೆಯ ದರ, ಎರಡನೆಯದಕ್ಕೆ ಎರಡನೆಯದು. ಅದಕ್ಕೆ ನಕ್ಷತ್ರದ ಹಿಂದೆ ಒಂದು ಚುಕ್ಕೆ ಇಡಬೇಕು: ‘ಹಾಲು .* ದರ’. ಇದರ ಮೊತ್ತ ಕೇಳಿದರೆ 381 ಬರುತ್ತದೆ. ಎಂಜಿನಿಯರಿಂಗ್ ಮೊದಲ ವರ್ಷದವರು ಈ ಒಂದು ಚುಕ್ಕೆಯನ್ನು ಮರೆತು ಎಷ್ಟು ಹೊತ್ತು ತಲೆ ಕೆರೆದುಕೊಳ್ಳುತ್ತಾರೆ ಎಂಬುದನ್ನು ಅವರನ್ನೇ ಕೇಳಬೇಕು!

ಗಣಿತ ಹೇಳಿ ನಿವೃತ್ತರಾದ ತಾತ ಇದ್ದರೆ ಅವರು ಖಂಡಿತ ಜಗಳಕ್ಕೆ ಬರುವ ಒಂದು ಸಾಲಿದೆ.

ಕ = ಕ + 1

ಎರಡೂ ಕಡೆಯಿಂದ ‘ಕ’ ಕಳೆದರೆ 0 = 1 ಆಯಿತಲ್ಲ, ಇದ್ಯಾವ ಗಣಿತ? ತಾತನ ಆಕ್ಷೇಪಣೆ ಸರಿಯೇ. ಬೀಜಗಣಿತದಲ್ಲಿ ಈ ಸಾಲಿಗೆ ಅರ್ಥವಿಲ್ಲ. ಪ್ರೋಗ್ರಾಮಿನಲ್ಲಿ ‘=’ ಎಂದರೆ ‘ಸಮ’ ಅಲ್ಲ, ‘ಹಾಕು’. ‘ಕ’ ಎಂಬುದು ಒಂದು ಡಬ್ಬಿ. ಅದರೊಳಗೆ ಇರುವುದನ್ನು ತೆಗೆದು, ಒಂದು ಸೇರಿಸಿ, ಮತ್ತೆ ಅದೇ ಡಬ್ಬಿಗೆ ಹಾಕು ಎಂದು ಹೇಳಿದ ಹಾಗೆ. ‘ಸಮವೇ?’ ಎಂದು ಕೇಳಬೇಕಾದರೆ ಎರಡು ಗೀಟು ಜೋಡಿ ಬರೆಯಬೇಕು. ಹಾಲು ಬಾರದ ದಿನವನ್ನು ಹುಡುಕಿದಾಗ ಬರೆದದ್ದು ಅದನ್ನೇ. ಡಬ್ಬಿಯ ಹೆಸರಿನಲ್ಲೂ ಎಚ್ಚರ ಬೇಕು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಆಕ್ಟೇವ್‌ಗೆ ಬೇರೆ ಬೇರೆ. ದೊಡ್ಡದರಲ್ಲಿ ಹೆಸರಿಟ್ಟು ಚಿಕ್ಕದರಲ್ಲಿ ಕರೆದರೆ, ಅಂಥವರು ಯಾರೂ ಇಲ್ಲ ಎನ್ನುತ್ತದೆ. ಅದು ಬೈದದ್ದಲ್ಲ, ಗೊತ್ತಾಗಲಿಲ್ಲ ಎಂದದ್ದು. ಕೆಂಪು ಅಕ್ಷರ ಕಂಡ ಕೂಡಲೇ ಕಂಪ್ಯೂಟರ್ ಮುಚ್ಚಿ ಎದ್ದು ಹೋಗುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು.

ಇಷ್ಟೆಲ್ಲ ಸಾಲು-ಪಟ್ಟಿಗಳ ಗೊಡವೆ ಎಂಜಿನಿಯರುಗಳಿಗೆ ಯಾಕೆ? ಒಂದು ಅಂಗಡಿಯ ಲೆಕ್ಕ ನೋಡಿ. ಎರಡು ಪೆನ್ನು, ಮೂರು ನೋಟ್‌ಬುಕ್ಕಿಗೆ 110 ರೂಪಾಯಿ. ಒಂದು ಪೆನ್ನು, ಎರಡು ನೋಟ್‌ಬುಕ್ಕಿಗೆ 70. ಒಂದೊಂದರ ಬೆಲೆ ಎಷ್ಟು? ಪ್ರೌಢಶಾಲೆಯವರು ಕಾಗದದ ಮೇಲೆ ಬಿಡಿಸುತ್ತಾರೆ. ಆಕ್ಟೇವ್‌ನಲ್ಲಿ ಮೊದಲ ಡಬ್ಬಿಗೆ [2 3; 1 2], ಎರಡನೆಯ ಡಬ್ಬಿಗೆ [110; 70] ಹಾಕಿ, ನಡುವೆ ಹಿಂದಕ್ಕೆ ವಾಲಿದ ಒಂದು ಗೀಟು ಇಟ್ಟರೆ ಸಾಕು. ಪೆನ್ನಿಗೆ 10, ನೋಟ್‌ಬುಕ್ಕಿಗೆ 30. ಎರಡರ ಬದಲು ಇನ್ನೂರು ಅಜ್ಞಾತಗಳಿದ್ದರೂ ಅದೇ ಗೀಟು. ಕಬ್ಬಿಣದ ತೊಲೆಗಳನ್ನು ಜೋಡಿಸಿ ಕಟ್ಟಿದ ರೈಲ್ವೆ ಸೇತುವೆಯನ್ನು ನೆನಪಿಸಿಕೊಳ್ಳಿ. ತೊಲೆಗಳು ಕೂಡುವ ಒಂದೊಂದು ಗಂಟಿನಲ್ಲೂ ಬಲಗಳು ಸರಿತೂಗಬೇಕು, ಒಂದೊಂದು ಗಂಟಿಗೂ ಸಮೀಕರಣಗಳು ಹುಟ್ಟುತ್ತವೆ. ಎಲ್ಲವನ್ನೂ ಒಟ್ಟಿಗೆ ಬಿಡಿಸಿದರೆ ಮಾತ್ರ ಯಾವ ತೊಲೆ ಎಷ್ಟು ಭಾರ ಹೊರುತ್ತದೆಂದು ತಿಳಿಯುತ್ತದೆ. ಪೆನ್ನು-ನೋಟ್‌ಬುಕ್ಕಿನ ಲೆಕ್ಕವೇ ಬೆಳೆದು ಸೇತುವೆಯಾಗಿದೆ.

ಸೇತುವೆ ಎಂದ ಮೇಲೆ ತಪ್ಪಿನ ಮಾತೂ ಬರಬೇಕು. ಆಕ್ಟೇವ್‌ನಲ್ಲಿ 0.1 + 0.2 == 0.3 ಎಂದು ಕೇಳಿ ನೋಡಿ. ಉತ್ತರ 0, ಅಂದರೆ ‘ಅಲ್ಲ’! ಮ್ಯಾಟ್‌ಲ್ಯಾಬನ್ನು ಕೇಳಿದರೂ ಅದೇ ಉತ್ತರ. ಕಂಪ್ಯೂಟರ್ ಕೆಟ್ಟಿಲ್ಲ. ಒಂದನ್ನು ಮೂರರಿಂದ ಭಾಗಿಸಿದರೆ ನಮ್ಮ ದಶಮಾಂಶದಲ್ಲಿ 0.3333 ಎಂದು ಮುಗಿಯದೆ ಹೋಗುತ್ತದಲ್ಲ, ಹಾಗೆಯೇ ಬರೀ 0 ಮತ್ತು 1 ಬಳಸುವ ಕಂಪ್ಯೂಟರಿನ ಎಣಿಕೆಯಲ್ಲಿ 0.1 ಮುಗಿಯುವುದೇ ಇಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಉಳಿಯುವ ಚೂರು ಎಷ್ಟು ಚಿಕ್ಕದೆಂದರೆ ದಿನನಿತ್ಯದ ಲೆಕ್ಕದಲ್ಲಿ ಯಾರ ಕಣ್ಣಿಗೂ ಬೀಳದು.

ಆದರೆ ಅದು ಗುಡ್ಡೆಯಾಗಬಹುದು. 1991ರ ಕೊಲ್ಲಿ ಯುದ್ಧದ ಸಮಯ. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ, ಬರುವ ಕ್ಷಿಪಣಿಯನ್ನು ಆಕಾಶದಲ್ಲೇ ತಡೆಯಲು ಅಮೆರಿಕದ ‘ಪೇಟ್ರಿಯಟ್’ ಎಂಬ ವ್ಯವಸ್ಥೆ ಇತ್ತು. ಅದರ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗಗಳನ್ನು ಎಣಿಸುತ್ತಿತ್ತು. ಸೆಕೆಂಡು ತಿಳಿಯಲು ಆ ಎಣಿಕೆಯನ್ನು 0.1ರಿಂದ ಗುಣಿಸಬೇಕು. ಕತ್ತರಿಸಿದ 0.1ರಲ್ಲಿ ಇದ್ದ ವ್ಯತ್ಯಾಸ ಸುಮಾರು 0.000000095. ವ್ಯವಸ್ಥೆಯನ್ನು ಆರಿಸದೆ ಸುಮಾರು 100 ಗಂಟೆ ನಡೆಸಿದ್ದರು. 100 ಗಂಟೆಯಲ್ಲಿ ಅಂಥ ಹತ್ತನೆಯ ಭಾಗಗಳು 36 ಲಕ್ಷ. ಗುಣಿಸಿ ನೋಡಿ, ಸುಮಾರು 0.34 ಸೆಕೆಂಡು ಬರುತ್ತದೆ. ಅಷ್ಟು ಹೊತ್ತಿನಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ಸಾಗಿರುತ್ತದೆ. ಯಂತ್ರ ಅದನ್ನು ತಪ್ಪಾದ ಜಾಗದಲ್ಲಿ ಹುಡುಕಿತು. ಫೆಬ್ರುವರಿ 25ರಂದು ಕ್ಷಿಪಣಿ ಸೈನಿಕರ ವಸತಿಯ ಮೇಲೆ ಬಿದ್ದು 28 ಜನ ತೀರಿಕೊಂಡರು. ಆದ್ದರಿಂದಲೇ ಎಂಜಿನಿಯರಿಂಗ್ ತರಗತಿಯಲ್ಲಿ ಎರಡು ದಶಮಾಂಶ ಸಂಖ್ಯೆಗಳು ಸಮವೇ ಎಂದು ಕೇಳಬೇಡಿ, ಅವುಗಳ ಅಂತರ ತೀರ ಚಿಕ್ಕದೇ ಎಂದು ಕೇಳಿ ಎಂದು ಹೇಳಿಕೊಡುವುದು.

ಇನ್ನು ಆಟಕ್ಕೆ ಬರೋಣ. ಮಹಾರಾಷ್ಟ್ರದ ನಾಸಿಕದ ಬಳಿಯ ದೇವಳಾಲಿಯಲ್ಲಿ ಡಿ. ಆರ್. ಕಾಪ್ರೇಕರ್ ಎಂಬ ಶಾಲಾ ಮೇಷ್ಟರಿದ್ದರು. 1905ರಲ್ಲಿ ಹುಟ್ಟಿದವರು. ಸಂಖ್ಯೆಗಳ ಜೊತೆ ಆಡುವುದೇ ಅವರಿಗೆ ಸುಖ. 1949ರಲ್ಲಿ ಅವರು ಜಗತ್ತಿಗೆ ಹೇಳಿದ ಸಂಗತಿ ಇದು: ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅದರಿಂದ, ಅವೇ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೂ ಹೀಗೇ ಮಾಡಿ. ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ 6174ಕ್ಕೆ ಬಂದು ನಿಲ್ಲುತ್ತೀರಿ. ಆಮೇಲೆ ಎಷ್ಟು ಮಾಡಿದರೂ 6174ರಿಂದ ಅಲ್ಲಾಡುವಂತಿಲ್ಲ.

ಸ್ವಾತಂತ್ರ್ಯದ ವರ್ಷ 1947 ಹಿಡಿಯೋಣ. 9741ರಲ್ಲಿ 1479 ಕಳೆದರೆ 8262. 8622ರಲ್ಲಿ 2268 ಕಳೆದರೆ 6354. 6543ರಲ್ಲಿ 3456 ಕಳೆದರೆ 3087. 8730ರಲ್ಲಿ 0378 ಕಳೆದರೆ 8352. 8532ರಲ್ಲಿ 2358 ಕಳೆದರೆ 6174. ಐದು ಹೆಜ್ಜೆ. ಕನ್ನಡ ನಾಡು ಒಂದಾದ 1956ಕ್ಕೆ ಮೂರು ಹೆಜ್ಜೆ. ನಾಡಿಗೆ ಕರ್ನಾಟಕ ಎಂದು ಹೆಸರಾದ 1973ಕ್ಕೆ ಎರಡೇ ಹೆಜ್ಜೆ!

ಅಜ್ಜ ಇದನ್ನು ಪೆನ್ಸಿಲಿನಲ್ಲಿ ಮಾಡಲಿ, ಮೊಮ್ಮಗಳು ಆಕ್ಟೇವ್‌ಗೆ ಹೇಳಿಕೊಡಲಿ. ಅವಳು ಬರೆಯಬೇಕಾದ ಪ್ರೋಗ್ರಾಂ ಮಾತಿನಲ್ಲಿ ಹೀಗಿರುತ್ತದೆ:

ಸಂಖ್ಯೆ ಎಂಬ ಡಬ್ಬಿಗೆ 1947 ಹಾಕು. ಹೆಜ್ಜೆ ಎಂಬ ಡಬ್ಬಿಗೆ 0 ಹಾಕು.
ಸಂಖ್ಯೆ 6174 ಆಗಿಲ್ಲದಿರುವ ತನಕ ಈ ಕೆಳಗಿನದನ್ನು ಮಾಡುತ್ತಿರು:
ಅಂಕಿಗಳನ್ನು ಬಿಡಿಸು, ಇಳಿಕೆಯಲ್ಲಿ ಜೋಡಿಸು, ಏರಿಕೆಯಲ್ಲಿ ಜೋಡಿಸು;
ದೊಡ್ಡದರಿಂದ ಚಿಕ್ಕದನ್ನು ಕಳೆದು ಸಂಖ್ಯೆಯ ಡಬ್ಬಿಗೆ ಹಾಕು;
ಹೆಜ್ಜೆಗೆ ಒಂದು ಸೇರಿಸು.
ಮುಗಿಯಿತು. ಹೆಜ್ಜೆ ಎಷ್ಟೆಂದು ತೋರಿಸು.

ಎರಡನೆಯ ಸಾಲಿನ ‘ತನಕ ಮಾಡುತ್ತಿರು’ ಎಂಬುದಕ್ಕೆ ಆಕ್ಟೇವ್‌ನ ಮಾತು ‘ವೈಲ್’. ಜೋಡಿಸುವ ಕೆಲಸಕ್ಕೆ ‘ಸಾರ್ಟ್’ ಎಂಬ ಸಿದ್ಧ ಆಜ್ಞೆ ಇದೆ. ಪ್ರೋಗ್ರಾಂ 1947ಕ್ಕೆ 5 ಎಂದು ಸರಿಯಾಗಿಯೇ ಹೇಳುತ್ತದೆ. ಮೊಮ್ಮಗಳಿಗೆ ಸಂತೋಷ. ಈಗ ಅಜ್ಜ 1000 ಕೊಟ್ಟು ನೋಡು ಎನ್ನಲಿ. ಎಂಟರ್ ಒತ್ತಿದರೆ ಉತ್ತರವೇ ಇಲ್ಲ. ಒಂದು ನಿಮಿಷ, ಎರಡು ನಿಮಿಷ, ಮಿನುಗುವ ಪರದೆ ಸುಮ್ಮನಿದೆ. ಅಜ್ಜ ಅಷ್ಟರಲ್ಲಿ ಪೆನ್ಸಿಲಿನಲ್ಲಿ ಐದೇ ಹೆಜ್ಜೆಯಲ್ಲಿ ಮುಗಿಸಿರುತ್ತಾರೆ!

ಏನಾಯಿತು? 1000ರಲ್ಲಿ 0001 ಕಳೆದರೆ 999. ಅಜ್ಜನ ಕೈ ತಾನಾಗಿಯೇ ಅದನ್ನು 0999 ಎಂದು ಬರೆದುಕೊಂಡು, 9990ರಲ್ಲಿ 0999 ಕಳೆದು 8991ಕ್ಕೆ ಹೋಯಿತು. ನಾಲ್ಕು ಅಂಕಿಯ ಆಟ ಎಂದ ಮೇಲೆ ಸೊನ್ನೆ ಸೇರಿಸಿಕೊಳ್ಳಬೇಕು ಎಂದು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ಆಕ್ಟೇವ್‌ಗೆ 999 ಎಂದರೆ ಮೂರು ಒಂಬತ್ತು ಅಷ್ಟೇ. ಹೇಗೆ ಜೋಡಿಸಿದರೂ 999. ಕಳೆದರೆ 0. ಸೊನ್ನೆಯಿಂದ ಸೊನ್ನೆ ಕಳೆದರೆ ಮತ್ತೆ 0. ಅದು 6174 ಆಗುವುದು ಯಾವತ್ತು? ಆಗುವ ತನಕ ಮಾಡುತ್ತಿರು ಎಂದು ನಾವೇ ಹೇಳಿದ್ದೇವೆ, ಪಾಪ, ಅದು ಮಾಡುತ್ತಲೇ ಇದೆ. ಕಂಟ್ರೋಲ್ ಕೀಲಿಯನ್ನೂ ಸಿ ಅಕ್ಷರವನ್ನೂ ಒಟ್ಟಿಗೆ ಒತ್ತಿದರೆ ನಿಲ್ಲುತ್ತದೆ. 2222 ಕೊಟ್ಟರೂ ಇದೇ ಗತಿ. ಅದು ಪ್ರೋಗ್ರಾಮಿನ ದೋಷವಲ್ಲ, ಕಾಪ್ರೇಕರರೇ ಬೇಡ ಎಂದ ಸಂಖ್ಯೆ. ಹಾಗಾದರೆ ಬೇಡ ಎಂಬುದನ್ನೂ ಯಂತ್ರಕ್ಕೆ ಬರೆದು ತಿಳಿಸಬೇಕು.

ಫೋರ್ಟ್ರಾನಿನ ಕಾಲದಲ್ಲಿ ವಿದ್ಯಾರ್ಥಿಗಳು ಒದ್ದಾಡಿದ್ದು ಹೆಚ್ಚಾಗಿ ಯಂತ್ರದ ರೀತಿನೀತಿಗಳ ಜೊತೆಗೆ. ಇಲ್ಲಿ ಮೊಮ್ಮಗಳು ಒದ್ದಾಡುತ್ತಿರುವುದು ಲೆಕ್ಕದ ಜೊತೆಗೇ. ನಮ್ಮ ಕೈಗೆ ಗೊತ್ತಿದ್ದೂ ಬಾಯಿಗೆ ಗೊತ್ತಿಲ್ಲದ ಸಂಗತಿಗಳನ್ನು ಒಂದೊಂದಾಗಿ ಹೆಕ್ಕಿ ಹೇಳಬೇಕು. ಅಜ್ಜಿ ಹೇಳುವ ‘ಹದಕ್ಕೆ ಬಂದಾಗ ಇಳಿಸು’ ಎಂಬುದನ್ನು ಅಡುಗೆಯೇ ಗೊತ್ತಿಲ್ಲದವನಿಗೆ ಬಿಡಿಸಿ ಹೇಳಿದ ಹಾಗೆ. ಅದಕ್ಕೇ ಈ ಕೆಲಸಕ್ಕೆ ಮನೆಯ ಹಿರಿಯರು ಬೇಕು. ಕಂಪ್ಯೂಟರ್ ಬಾರದಿದ್ದರೆ ಚಿಂತೆಯಿಲ್ಲ. ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತು, ‘ನಾನು ಈಗ ಏನು ಮಾಡಿದೆ ನೋಡು’ ಎಂದು ಹೇಳುತ್ತಾ ಹೋದರೆ ಸಾಕು.

ಸೊನ್ನೆಯ ತೊಡಕು ಬಿಡಿಸಿದ ಮೇಲೆ ಪ್ರೋಗ್ರಾಮಿನ ಹೊರಗೆ ‘ಫಾರ್’ ಎಂಬ ಇನ್ನೊಂದು ಸುತ್ತು ಹಾಕಿ, 1000ದಿಂದ 9999ರವರೆಗೆ ಎಲ್ಲವನ್ನೂ ಪರೀಕ್ಷಿಸು ಎನ್ನಬಹುದು. 9000 ಸಂಖ್ಯೆಗಳಲ್ಲಿ ಒಂದೇ ಅಂಕಿಯವು ಒಂಬತ್ತು. ಉಳಿದ 8991 ಸಂಖ್ಯೆಗಳೂ 6174ಕ್ಕೆ ಬರುವುದನ್ನು ಕೂತಲ್ಲೇ ನೋಡಬಹುದು. ಕಾಪ್ರೇಕರ್ ಮೇಷ್ಟರ ಬಳಿ ಇದ್ದದ್ದು ಕಾಗದ ಮತ್ತು ತಾಳ್ಮೆ.

ಆಕ್ಟೇವ್ ಅಲ್ಲದೆ ಇಂಥದೇ ಇನ್ನೊಂದು ಉಚಿತ ಸಲಕರಣೆ ‘ಸೈಲ್ಯಾಬ್’. ಅದು ಫ್ರಾನ್ಸಿನ ಇನ್ರಿಯಾ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ್ದು. ನಮ್ಮ ದೇಶದಲ್ಲಿ ಮುಂಬಯಿಯ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಇಂಥ ಉಚಿತ ತಂತ್ರಾಂಶಗಳನ್ನು ಕಲಿಸುವ ಪುಟ್ಟ ಪಾಠಗಳನ್ನು ಸಿದ್ಧಪಡಿಸಿ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ತರುತ್ತಿದೆ.

ಈ ವಾರಕ್ಕೆ ಒಂದು ಕೆಲಸ. ಮನೆಯವರೆಲ್ಲರ ಹುಟ್ಟಿದ ವರ್ಷಗಳನ್ನು ಬರೆದುಕೊಂಡು ಯಾರದು ಎಷ್ಟು ಹೆಜ್ಜೆಯಲ್ಲಿ 6174 ಮುಟ್ಟುತ್ತದೆ ನೋಡಿ, ಮೊದಲು ಪೆನ್ಸಿಲಿನಲ್ಲಿ, ಆಮೇಲೆ ಆಕ್ಟೇವ್‌ನಲ್ಲಿ. 2012ರಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಮೂರೇ ಹೆಜ್ಜೆ. 1950ರಲ್ಲಿ ಹುಟ್ಟಿದ ಅಜ್ಜಂದಿರು ಏಳೂ ಹೆಜ್ಜೆ ನಡೆಯಬೇಕು. ಮೂರು ಅಂಕಿಯ ಸಂಖ್ಯೆಗಳಿಗೂ 6174ರಂಥದೇ ಒಂದು ಕೊನೆಯ ನಿಲ್ದಾಣವಿದೆ. ಅದು ಯಾವುದೆಂದು ನಾನು ಹೇಳುವುದಿಲ್ಲ.